ಪಾರ್ಸೆಲ್ ಬಾಬುವಿನ ಹವಳ

ಮೊನ್ನೆ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ರೈಲ್ವೆ ಸ್ಟೇಷನ್ನಿನ ಇಬ್ಬರು ಬಂದಿದ್ದರು. ಪಾರ್ಸೆಲ್ ಬಾಬು ನಿವೃತ್ತರಾಗುತ್ತಿದ್ದಾರೆ, ಸನ್ಮಾನ ಪತ್ರ ಟೈಪ್ ಮಾಡಿಕೊಡಬೇಕು ಅಂದರು. ಕೈಬರಹದ ಹಾಳೆ ಕೊಟ್ಟರು. ಅದರಲ್ಲಿ ‘ಸರಳಜೀವಿ’ ಅಂತ ಇತ್ತು. ‘ಸಮುದ್ರವನ್ನೇ ಕೊಪ್ಪಳಕ್ಕೆ ತಂದ ವಿಜ್ಞಾನಪ್ರೇಮಿ’ ಅಂತ ಇತ್ತು. ‘ಮನೆಯವರಿಗೂ ನೆರೆಯವರಿಗೂ ತಂದೆಯ ಸಮಾನ’ ಅಂತಲೂ ಇತ್ತು. ಟೈಪ್ ಮಾಡುವವಳ ಕೆಲಸ ಅಕ್ಷರ ಹೊಡೆಯುವುದು, ಅಭಿಪ್ರಾಯ ಹೇಳುವುದಲ್ಲ. ತಪ್ಪಿಲ್ಲದೆ ಹೊಡೆದು, ಕಾರ್ಬನ್ ಪ್ರತಿ ಸಮೇತ ಕೊಟ್ಟು ಕಳಿಸಿದೆ. ಅವರು ಮೆಟ್ಟಿಲು ಇಳಿದದ್ದೇ ತಡ, ಮಶೀನಿಗೆ ಇನ್ನೊಂದು ಹಾಳೆ ಏರಿಸಿದೆ. ನೀವು ಓದುತ್ತಿರುವುದು ಅದನ್ನೇ.

ಆ ಮನುಷ್ಯನ ಮೇಲೆ ನನಗೆ ಸಿಟ್ಟಿದೆ. ಮೊದಲೇ ಹೇಳಿಬಿಡುತ್ತೇನೆ, ನಡುವೆ ಎಲ್ಲೋ ನಾನು ಕರಗುತ್ತೇನೆ ಅಂತ ಯಾರೂ ಕಾಯುವುದು ಬೇಡ.

ಭಾಗ್ಯನಗರದಲ್ಲಿ ನಮ್ಮದು ನೇಕಾರರ ಮನೆ. ಅವರದು ಪಕ್ಕದ್ದೇ, ಗೋಡೆಗೆ ಗೋಡೆ ಅಂಟಿದ್ದು. ನಮ್ಮ ಮಗ್ಗದ ಸದ್ದು ಅವರಿಗೆ ಕೇಳುತ್ತಿತ್ತು, ಅವರು ಬೆಳಿಗ್ಗೆ ಕ್ಯಾಕರಿಸುವ ಸದ್ದು ನಮಗೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ, ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸ, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ಊರವರಿಗೆಲ್ಲ ಅವರು ‘ಬಾಬು’. ನಾನು ‘ಕಾಕಾ’ ಅನ್ನುತ್ತಿದ್ದೆ.

ಅವರಿಗೆ ಎರಡು ಚಾಳಿ ಇದ್ದವು, ಎರಡೂ ಪಾರ್ಸೆಲ್ ಆಫೀಸಿನಿಂದ ಬಂದವು. ಒಂದು, ಯಾರನ್ನು ನೋಡಿದರೂ ತೂಕ ಹೇಳುವುದು. ನಮಸ್ಕಾರವಿಲ್ಲ, ಊಟ ಆಯಿತೇ ಅನ್ನುವುದಿಲ್ಲ. ಮೇಲಿಂದ ಕೆಳಗೆ ಒಂದು ಸಲ ನೋಡಿ, ‘ಮೂವತ್ತೆಂಟು ಕಿಲೋ. ಏನ್ ತಿಂತಿಯವ್ವಾ ನೀನು, ಗಾಳೀನಾ?’ ಅನ್ನುವುದು. ನನ್ನ ಅಪ್ಪನಿಗೆ ‘ಐವತ್ತೊಂದು’ ಅಂತಲೇ ಹೆಸರು. ತೂಕ ಯಾವಾಗಲೂ ಸರಿಯಿರುತ್ತಿತ್ತು ಅನ್ನುವುದೇ ಇನ್ನೂ ಉರಿಯುವ ಸಂಗತಿ.

ಎರಡನೆಯದು ಇನ್ನೂ ಕೆಟ್ಟದ್ದು. ಗಾಡಿಯಿಂದ ಇಳಿದ ಪಾರ್ಸೆಲ್ಲಿನ ಮೂಲೆ ನಜ್ಜಾಗಿದ್ದರೆ, ಸಹಿ ಹಾಕುವ ಮೊದಲು ಪುಸ್ತಕದಲ್ಲಿ ‘ಬಂದಾಗಲೇ ಒಡೆದಿತ್ತು’ ಅಂತ ಬರೆದಿಡಬೇಕು. ನಾಳೆ ಮಾಲಿನ ಒಡೆಯ ಜಗಳಕ್ಕೆ ಬಂದರೆ ತನ್ನ ಮೇಲೆ ಬರಬಾರದಲ್ಲ. ಆಫೀಸಿನಲ್ಲಿ ಇದು ಸರಿಯೇ. ಆದರೆ ಈ ಮನುಷ್ಯ ಜಗತ್ತಿನ ಎಲ್ಲದಕ್ಕೂ ಅದನ್ನೇ ಬರೆಯುತ್ತಿದ್ದರು. ಹಾಲು ಒಡೆದರೆ ಗೌಳಿ ತಂದಾಗಲೇ ಒಡೆದಿತ್ತು. ಸ್ಟೋವಿನ ಬತ್ತಿ ಹತ್ತದಿದ್ದರೆ ಅಂಗಡಿಯಿಂದಲೇ ಹಾಗಿತ್ತು. ಮಗ ಮೆಟ್ರಿಕ್‌ನಲ್ಲಿ ಎರಡು ಸಲ ನಪಾಸಾದಾಗ ಓಣಿಯಲ್ಲಿ ನಿಂತು, ‘ಅವ್ವನ ಹೊಟ್ಟ್ಯಾಗಿಂದನ ಹಂಗ ಬಂದೈತ್ರಿ ಮಾಲು, ನಾ ಏನ್ ಮಾಡ್ಲಿ?’ ಅಂದಿದ್ದರು. ಮಗ ಅಲ್ಲೇ ಸೈಕಲ್ ಹಿಡಿದು ನಿಂತಿದ್ದ.

ಇಂಥವರ ಮನೆಗೆ ಹವಳ ಬಂತು.

ನಮ್ಮೂರ ಮೇಲೆ ಹಾದುಹೋಗುವ ರೈಲು ಪಡುವಣಕ್ಕೆ ಗೋವೆಯ ಸಮುದ್ರದವರೆಗೆ ಹೋಗುತ್ತದೆ. ಆ ಕಡೆಯ ಗಾರ್ಡೊಬ್ಬ ಇವರ ಸ್ನೇಹಿತ. ಮೀನುಗಾರರ ಬಲೆಗೆ ಸಿಕ್ಕ ಒಂದು ಕಲ್ಲನ್ನು ಸಮುದ್ರದ ನೀರಿನ ಸಮೇತ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ತಂದುಕೊಟ್ಟ. ಮುಷ್ಟಿಯಷ್ಟು ಕಲ್ಲು. ಅದರ ಮೇಲೆ ಹತ್ತು ಹನ್ನೆರಡು ಬೆರಳು ಎದ್ದು ನಿಂತಿದ್ದವು, ಕೈಗವುಸನ್ನು ಬೋರಲು ಹಾಕಿದ ಹಾಗೆ. ಹವಳವೇ, ಆದರೆ ಮೆತ್ತನೆಯ ಜಾತಿ, ಒಳಗೆ ಎಲುಬಿನಂಥ ಗಟ್ಟಿ ಇಲ್ಲ. ಟ್ರಂಕಿನಷ್ಟು ದೊಡ್ಡ ಗಾಜಿನ ಪೆಟ್ಟಿಗೆ ಮಾಡಿಸಿ, ಹುಬ್ಬಳ್ಳಿಯಿಂದ ಗಾಳಿ ಊದುವ ಮೋಟಾರು ತರಿಸಿ, ಮೇಲೆ ಟ್ಯೂಬ್‌ಲೈಟ್ ಕಟ್ಟಿ, ಪಡಸಾಲೆಯ ಕಿಟಕಿಯ ಪಕ್ಕ ಇಟ್ಟರು. ನೀರು ಸಾಲದಾದಾಗ ಮತ್ತೆ ಡಬ್ಬಿಗಳು ಬಂದವು. ದಾರಿಯಲ್ಲಿ ಯಾರೂ ಮುಟ್ಟಬಾರದು ಅಂತ ಅವುಗಳ ಮೇಲೆ ಸೀಮೆಸುಣ್ಣದಿಂದ ‘ಆಸಿಡ್’ ಅಂತ ಬರೆಸುತ್ತಿದ್ದರು.

ನಾನು ಅದನ್ನು ಮೊದಲ ಸಲ ನೋಡಿದ್ದು ಮಧ್ಯಾಹ್ನ. ಬೆರಳುಗಳ ಮೈತುಂಬ ಸಾಸಿವೆಯಷ್ಟು ಸಣ್ಣ ಹೂ ಅರಳಿದ್ದವು, ಪ್ರತಿ ಹೂವಿಗೂ ಎಂಟೇ ಎಸಳು. ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ನೀರಿನಲ್ಲಿ ಕೈ ಆಡಿಸಿದರೆ ಅಷ್ಟೂ ಹೂ ಒಳಗೆ ಎಳೆದುಕೊಂಡು ಮೈ ನುಣ್ಣಗಾಗುತ್ತಿತ್ತು. ಅವತ್ತು ನಮ್ಮ ಮನೆಯಲ್ಲಿ ರೊಟ್ಟಿ ಸೀದದ್ದು ನನ್ನಿಂದಲೇ.

ಊರವರು ಗುಂಪುಗುಂಪಾಗಿ ಬಂದರು. ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆಯಬೇಕು, ಎರಡು ಮಾರು ದೂರ ನಿಲ್ಲಬೇಕು. ನಮ್ಮ ಓಣಿಯ ಮುದುಕಿಯೊಬ್ಬಳು ತನ್ನ ತಾಳಿಸರದ ಕೆಂಪು ಹವಳವನ್ನು ಎತ್ತಿ ತೋರಿಸಿ, ‘ಬಾಬು, ಹವಳಂದ್ರ ಹಿಂಗಿರತೈತಿ. ಇದೇನೋ ಕೊಳತ ಬದನಿಕಾಯಿ ಇದ್ದಂಗೈತಲ್ಲೋ’ ಅಂದಳು. ಎಲ್ಲರೂ ನಕ್ಕರು. ಬಾಬು ನಗಲಿಲ್ಲ.

‘ನಿನ್ನ ಕೊಳ್ಳಾಗಿಂದು ಸತ್ತದ್ದು. ಇದು ಜೀವಂತ ಐತಿ. ನಿನ್ನಂಥೋರಿಗೆ ಸತ್ತದ್ದ ಬರೋಬ್ಬರಿ, ನಡಿ.’

ಮುದುಕಿ ಮತ್ತೆ ಆ ಮನೆಯ ಕಟ್ಟೆ ಹತ್ತಲಿಲ್ಲ.

ನನ್ನನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಪ್ರೀತಿಗಲ್ಲ. ನಾನು ಪಿಯುಸಿ ಮುಗಿಸಿ ಟೈಪಿಂಗ್ ಕಲಿಯುತ್ತಿದ್ದೆ, ತಾಲೂಕು ಗ್ರಂಥಾಲಯದ ಇಂಗ್ಲಿಷ್ ವಿಶ್ವಕೋಶವನ್ನು ಡಿಕ್ಷನರಿ ಹಿಡಿದು ಓದುವ ಹುಚ್ಚಿತ್ತು. ಅವರಿಗೆ ಇಂಗ್ಲಿಷಿನಲ್ಲಿ ಪಾರ್ಸೆಲ್ಲಿನ ಹತ್ತು ಶಬ್ದ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಹವಳದ ಬಣ್ಣ ಹವಳದ್ದಲ್ಲ, ಅದರ ಮೈಯೊಳಗೆ ಕಣ್ಣಿಗೆ ಕಾಣದಂಥ ಪಾಚಿ ವಾಸವಾಗಿರುತ್ತದೆ, ಬಣ್ಣ ಆ ಪಾಚಿಯದ್ದು, ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಹವಳಕ್ಕೂ ಉಣಿಸುತ್ತದೆ, ಹವಳಕ್ಕೆ ಏನಾದರೂ ತೊಂದರೆಯಾದರೆ ಪಾಚಿ ಹೊರಬಿದ್ದು ಮೈ ಬೆಳ್ಳಗಾಗುತ್ತದೆ. ಇಷ್ಟನ್ನು ಓದಿ ತಿಳಿಯಲು ನನಗೆ ಒಂಬತ್ತು ದಿನ ಹಿಡಿಯಿತು. ಓಡಿಬಂದು ಹೇಳಿದೆ. ಮರುದಿನವೇ ಬಾಬು ಬಂದವರ ಮುಂದೆ, ನಾನು ಪಕ್ಕದಲ್ಲೇ ನಿಂತಿರುವಾಗ, ‘ನಾ ಪ್ರಯೋಗ ಮಾಡಿ ಕಂಡಹಿಡದೀನ್ರಿ’ ಅಂತ ಶುರು ಮಾಡಿದರು.

ನೀರಿನ ವಿಷಯವೂ ಹಾಗೆಯೇ. ನಮ್ಮ ಕಡೆಯ ಬಿಸಿಲಿಗೆ ಪೆಟ್ಟಿಗೆಯ ನೀರು ದಿನಕ್ಕೆ ಎರಡು ತಂಬಿಗೆ ಆರಿಹೋಗುತ್ತಿತ್ತು. ಅವರು ಅದಕ್ಕೆ ಮತ್ತೆ ಸಮುದ್ರದ ನೀರನ್ನೇ ಸುರಿಯುತ್ತಿದ್ದರು. ಗಾಜಿನ ಅಂಚಿಗೆ ಉಪ್ಪು ಕಟ್ಟತೊಡಗಿತು. ‘ಕಾಕಾ, ಆರೂದು ನೀರಷ್ಟ, ಉಪ್ಪು ಅಲ್ಲೇ ಉಳಿತೈತಿ. ಆರಿದಷ್ಟಕ್ಕ ಸಿಹಿನೀರು ಹಾಕಬೇಕ್ರಿ’ ಅಂದೆ. ‘ನನಗ ಕಲಸಾಕ ಬಂದೀಯೇನು?’ ಅಂದರು. ನಾಲ್ಕು ದಿನ ಬಿಟ್ಟು ನೋಡಿದರೆ ಅಡುಗೆಮನೆಯ ಮಣ್ಣಿನ ಹರವಿಯಿಂದ ಎರಡು ತಂಬಿಗೆ ಸಿಹಿನೀರು ಹಾಕುತ್ತಿದ್ದಾರೆ. ಅದೂ ಅವರದೇ ಸಂಶೋಧನೆಯಾಗಿತ್ತು.

ಆಗಲಿ ಬಿಡು ಅಂತ ಸುಮ್ಮನಿದ್ದೆ. ನನಗೆ ಹವಳ ನೋಡಲು ಸಿಗುತ್ತಿತ್ತಲ್ಲ. ಬಣ್ಣದ ಲೆಕ್ಕ ಇಡಲು ನಾನೊಂದು ಉಪಾಯ ಮಾಡಿದ್ದೆ. ನೇಕಾರರ ಮನೆಯಲ್ಲಿ ಬಣ್ಣದ ನೂಲಿಗೇನು ಬರ. ಅಪ್ಪನ ತುಂಡು ನೂಲುಗಳನ್ನು ಆರಿಸಿ, ದಿನಾ ಮಧ್ಯಾಹ್ನ ಗಾಜಿಗೆ ಹಿಡಿದು, ಹವಳದ ಬಣ್ಣಕ್ಕೆ ಹೊಂದುವ ಎಳೆಯನ್ನು ಒಂದು ರಟ್ಟಿಗೆ ಕಟ್ಟಿ, ಪಕ್ಕದಲ್ಲಿ ತಾರೀಖು ಬರೆಯುವುದು. ಟ್ಯೂಬ್‌ಲೈಟಿನಲ್ಲಷ್ಟೇ ಇದ್ದಾಗ ಅಡಿಕೆ ಬಣ್ಣ. ಕಿಟಕಿಯ ಬೆಳಗಿನ ಬಿಸಿಲು ತಾಗುವಂತೆ ತಿರುಗಿಸಿಟ್ಟ ಮೇಲೆ ಹದಿನೈದು ದಿನದಲ್ಲಿ ಮೆಂತ್ಯದ ಬಣ್ಣ, ತುದಿಯಲ್ಲಿ ತುಸು ಹಸಿರು. ರಟ್ಟು ಪೆಟ್ಟಿಗೆಯ ಪಕ್ಕದ ಮೊಳೆಗೇ ತೂಗಾಡುತ್ತಿತ್ತು.

ಮುಂದೆ ಮಗನ ಮದುವೆಯಾಯಿತು. ಹೆಣ್ಣು ಕುಷ್ಟಗಿಯವಳು. ನನಗಿಂತ ಒಂದೇ ವರ್ಷ ದೊಡ್ಡವಳು, ಅತ್ತಿಗೆಯ ಲೆಕ್ಕದಲ್ಲಿ ನಾನು ‘ವೈನಿ’ ಅನ್ನುತ್ತಿದ್ದೆ, ಅವಳು ನನಗೆ ‘ತಂಗಿ’ ಅನ್ನುತ್ತಿದ್ದಳು. ಹೆಣ್ಣು ನೋಡಲು ಹೋದಾಗ ಬಾಬು ‘ನಲವತ್ಮೂರು’ ಅಂದರಂತೆ. ‘ಮಾವನೋರು ಎತ್ತಿ ನೋಡ್ತಾರೇನೋ ಅಂತ ಹೆದರಿದ್ದೆ’ ಅಂತ ಅವಳೇ ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಕೆಲಸದಲ್ಲಿ ಚುರುಕು. ತವರಿನಿಂದ ಬಂದ ಪಾತ್ರೆಗಳಲ್ಲಿ ದೊಡ್ಡ ತಾಮ್ರದ ಕೊಡವೊಂದಿತ್ತು. ದಿನಾ ಬೆಳಿಗ್ಗೆ ಅದನ್ನು ಒಳಗೂ ಹೊರಗೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ಕನ್ನಡಿಯಂತೆ ಮಾಡಿ, ನೀರು ತುಂಬಿ ಪಡಸಾಲೆಯ ಮೂಲೆಗಿಡುತ್ತಿದ್ದಳು. ಬೀಗರು ಕೊಟ್ಟ ಕೊಡ ಬಂದವರಿಗೆ ಕಾಣಬೇಕು ಅನ್ನುವುದು ಬಾಬುವಿನ ಅಪ್ಪಣೆ. ಕುಡಿಯಲು ಅದೇ ನೀರು, ದೇವರಿಗೂ ಅದೇ. ಹರವಿಯನ್ನು ಹಿತ್ತಲಿಗೆ ದಬ್ಬಿ, ಹವಳಕ್ಕೂ ಬಾಬು ಅದೇ ಕೊಡದ ನೀರು ಹಾಕತೊಡಗಿದರು. ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ, ತಮ್ಮ ಕೈಯಾರೆ, ಎರಡು ತಂಬಿಗೆ. ಬೇರೆ ಯಾರೂ ಹಾಕುವಂತಿರಲಿಲ್ಲ.

ತಿಂಗಳು ತುಂಬುವುದರೊಳಗೆ ಹೂ ಅರಳುವುದು ಕಡಿಮೆಯಾಯಿತು. ನನ್ನ ರಟ್ಟಿನಲ್ಲಿ ಮೆಂತ್ಯ ಹೋಗಿ ಗೋಧಿ ಬಂತು. ಆಮೇಲೆ ಸಜ್ಜೆರೊಟ್ಟಿ ಸುಟ್ಟ ಒಲೆಯ ಬೂದಿಯಂಥ ಬಣ್ಣ. ಬೆರಳುಗಳು ಜೋತುಬಿದ್ದವು. ಬುಡದಿಂದ ಬಿಳಿ ಹತ್ತತೊಡಗಿತು.

ಬಾಬು ಮೊದಲು ಗಾರ್ಡಿಗೆ ಬೈದರು. ಆಮೇಲೆ ಮೋಟಾರಿಗೆ ಬೈದರು. ಒಂದು ದಿನ ನಾನು ನೂಲು ಹಿಡಿದು ನಿಂತಿದ್ದಾಗ, ವೈನಿ ಚಹಾ ತಂದಿಟ್ಟು ಒಳಗೆ ಹೋದಳು. ಅವಳು ಹೋದ ಕಡೆ ನೋಡುತ್ತ ಅಂದರು:

‘ಆಕಿ ಬಂದು ಎಷ್ಟ ದಿನ ಆತು?’

‘ಯಾಕ್ರಿ ಕಾಕಾ?’

‘ನಿನ್ನ ರಟ್ಟ ನೋಡಿ ಹೇಳು.’

ನೋಡಿದೆ. ಹೊಂದುತ್ತಿತ್ತು. ಅವಳು ಗೃಹಪ್ರವೇಶ ಮಾಡಿದ ವಾರದಲ್ಲೇ ಬಣ್ಣ ಇಳಿಯಲು ಶುರುವಾಗಿತ್ತು. ನಾನು ಬಾಯಿ ಬಿಡಲಿಲ್ಲ, ಆದರೆ ಮುಖ ಬಿಟ್ಟುಕೊಟ್ಟಿರಬೇಕು.

‘ಕಾಲ್ಗುಣ,’ ಅಂದರು ಬಾಬು. ‘ಬಂದಾಗನ ಒಡದ ಮಾಲು ಇದು. ನಾ ಪುಸ್ತಕದಾಗ ಬರಕೊಳ್ಳೂದು ಮರತೆ.’

ಬಾಗಿಲ ಹಿಂದೆ ಬಳೆ ಸದ್ದಾಯಿತು, ನಿಂತಿತು.

ಅಂದಿನಿಂದ ವೈನಿಗೆ ಪಡಸಾಲೆ ಬಂದ್. ಬೆಳಿಗ್ಗೆ ಬಾಬು ಏಳುವ ಮೊದಲೇ ಕೊಡ ತುಂಬಿಟ್ಟು ಒಳಗೆ ಹೋಗಬೇಕು, ಆಮೇಲೆ ಆ ಕಡೆ ನೆರಳು ಬೀಳಬಾರದು. ಬಂದವರ ಮುಂದೆ, ಒಳಗೆ ಕೇಳುವ ಹಾಗೆ, ‘ಇನ್ನೊಂದ ತಿಂಗಳ ನೋಡ್ತೀನಿ. ಇದು ಸತ್ತ್ರ ಆಕಿನ್ನ ಬಂದಲ್ಲಿಗೆ ಬುಕ್ ಮಾಡ್ತೀನಿ’ ಅನ್ನುತ್ತಿದ್ದರು. ಮಗ ಭಾನುವಾರ ಬರುತ್ತಿದ್ದ, ತಲೆ ತಗ್ಗಿಸಿ ಉಣ್ಣುತ್ತಿದ್ದ, ಸೋಮವಾರ ಹೋಗುತ್ತಿದ್ದ. ವೈನಿ ಹಿತ್ತಲ ಗೋಡೆಯ ಮೇಲಿಂದ ನನ್ನನ್ನು ಕರೆದು ಕೇಳುತ್ತಿದ್ದಳು.

‘ಇವತ್ತ ಹೆಂಗೈತಿ ತಂಗಿ ನನ್ನ ಸವತಿ? ಮುಖ ತೊಳಕೊಂಡಾಳೇನು?’

ನಗುತ್ತಲೇ ಕೇಳುತ್ತಿದ್ದಳು. ಆದರೆ ದಿನಾ ಕೇಳುತ್ತಿದ್ದಳು. ಅವಳ ಸಂಸಾರ ಆ ಗಾಜಿನೊಳಗಿನ ಹತ್ತು ಬೆರಳಿನ ಮೇಲೆ ನಿಂತಿತ್ತು, ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಮ್ಮೆ ನಗು ನಿಲ್ಲಿಸಿ, ‘ಖರೇನ ನನ್ನಿಂದ ಹಂಗ ಆಗತೈತೇನ ತಂಗಿ? ನೀ ಓದ್ದಾಕಿ, ಹೇಳು’ ಅಂದಳು. ‘ಹುಚ್ಚಿ ಏನ ವೈನಿ ನೀನು’ ಅಂದೆ. ಅಷ್ಟು ಸಾಲದು ಅನ್ನುವುದು ಅವಳ ಮುಖದಲ್ಲಿ ಕಾಣುತ್ತಿತ್ತು.

ಗ್ರಂಥಾಲಯದ ಪುಸ್ತಕದಲ್ಲಿ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ನಮ್ಮ ಮನೆಯಲ್ಲೇ. ಅಪ್ಪ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ನಾನು ಆತುರಕ್ಕೆ ಕೈಗೆ ಸಿಕ್ಕ ತಾಮ್ರದ ಬೋಗುಣಿಯಲ್ಲಿ ನೀರು ತಂದುಕೊಟ್ಟೆ.

‘ಅದನ್ಯಾಕ ತಂದಿ? ಮಣ್ಣಿಂದು ತಾ. ತಾಮ್ರ ಮುಟ್ಟಿದ ನೀರಾಗ ಬಣ್ಣ ತಿರಗತೈತಿ.’

‘ತಿರಗತೈತಿ ಅಂದ್ರ?’

‘ತಾಮ್ರ ನೀರಾಗ ಇಳಿತೈತಲ್ಲೇ. ಹುಣಸಿಹಣ್ಣ ಹಚ್ಚಿ ತಿಕ್ಕಿದ್ದಂತೂ ಇನ್ನೂ ಜಾಸ್ತಿ ಇಳಿತೈತಿ.’

ಬೋಗುಣಿ ಅಲ್ಲೇ ಬಿಟ್ಟು ಗೋಡೆಯ ಹತ್ತಿರ ಓಡಿದೆ. ‘ವೈನಿ, ನಿನ್ನ ಕೊಡದ ನೀರು ಒಂದ ತಂಬಿಗಿ ಕೊಡು.’ ‘ಯಾಕ?’ ಅಂದಳು. ‘ಸುಮ್ನ, ಆಮ್ಯಾಲೆ ಹೇಳ್ತೀನಿ’ ಅಂದೆ. ಬಾಬು ಡ್ಯೂಟಿಗೆ ಹೋಗಿದ್ದರು. ಅವಳು ಪಡಸಾಲೆಗೆ ನುಸುಳಿ ತುಂಬಿಕೊಂಡು ಬಂದು, ಗೋಡೆಯ ಮೇಲಿಂದ ತಂಬಿಗೆ ದಾಟಿಸಿದಳು.

ಎರಡು ಗಾಜಿನ ಬಾಟಲಿ ತಗೊಂಡೆ. ಒಂದಕ್ಕೆ ನಮ್ಮ ಹರವಿಯ ನೀರು, ಇನ್ನೊಂದಕ್ಕೆ ಆ ತಾಮ್ರದ ಕೊಡದ ನೀರು. ಕೆರೆಯಿಂದ ಸಣ್ಣ ಶಂಖದ ಹುಳ ತಂದು ಐದೈದು ಬಿಟ್ಟೆ. ಹರವಿಯ ನೀರಿನವು ಗಾಜು ಹತ್ತಿ ಓಡಾಡಿದವು. ತಾಮ್ರದ ನೀರಿನವು ಸಂಜೆಗೇ ಚಿಪ್ಪಿನೊಳಗೆ ಸೇರಿಕೊಂಡವು, ಮರುದಿನ ಐದೂ ತಳದಲ್ಲಿ ಬಿದ್ದಿದ್ದವು. ಮನುಷ್ಯರು ಕುಡಿದರೆ ಏನೂ ಆಗದಷ್ಟು ತಾಮ್ರ, ಮೆತ್ತನೆಯ ಮೈಯ ನೀರಿನ ಜೀವಕ್ಕೆ ಸಾಕಾಗಿತ್ತು. ಹವಳಕ್ಕೆ ದಿನಾ ಎರಡು ತಂಬಿಗೆ. ನೀರು ಆರುತ್ತಿತ್ತು, ತಾಮ್ರ ಉಳಿಯುತ್ತಿತ್ತು.

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇಷ್ಟು ದಿನ ನನ್ನ ಮಾತನ್ನು ತಮ್ಮದೆಂದು ಹೇಳಿಕೊಂಡವರು ಈ ಸಲ ಹೇಳಿಕೊಳ್ಳುವಂತಿಲ್ಲ, ನಾಲ್ಕು ಜನರ ಮುಂದೆ ತೋರಿಸುತ್ತೇನೆ ಅಂದುಕೊಂಡೆ. ಅದಕ್ಕೇ ಭಾನುವಾರದವರೆಗೆ ಬಾಯಿ ಬಿಗಿಹಿಡಿದೆ. ವೈನಿ ಎರಡು ಸಲ ಗೋಡೆಯ ಮೇಲಿಂದ ‘ನೀರ ಏನ್ ಮಾಡ್ದಿ?’ ಅಂತ ಕೇಳಿದರೂ ಹೇಳಲಿಲ್ಲ.

ಭಾನುವಾರ ಪಡಸಾಲೆಯಲ್ಲಿ ಸ್ಟೇಷನ್ನಿನ ಇಬ್ಬರು, ಹೈಸ್ಕೂಲಿನ ಮೇಷ್ಟ್ರೊಬ್ಬರು, ಮಗ, ಬಾಬು. ಎರಡೂ ಬಾಟಲಿ ಹಿಡಿದು ಒಳಗೆ ಹೋದೆ.

‘ಕಾಕಾ, ಹವಳದ ಬಣ್ಣ ಯಾಕ ಹೋಗೇತಿ ಅಂತ ಗೊತ್ತಾತ್ರಿ.’

‘ನನಗ ಗೊತ್ತೈತಿ.’

‘ಅದಲ್ರಿ. ಇಲ್ಲಿ ನೋಡ್ರಿ, ಇದು ಹರವಿ ನೀರು, ಹುಳ ಹೆಂಗ ಓಡಾಡಾಕತ್ತಾವು. ಇದು ನಿಮ್ಮ ತಾಮ್ರದ ಕೊಡದ ನೀರು. ಐದೂ ಸತ್ತಾವ್ರಿ. ನೀವು ದಿನಾ ಹವಳಕ್ಕ ಇದನ್ನ ಹಾಕ್ತೀರಿ.’

ಮೇಷ್ಟ್ರು ಬಾಟಲಿ ಇಸಕೊಂಡು ಬೆಳಕಿಗೆ ಹಿಡಿದರು. ‘ಹೌದ್ರಿ ಬಾಬು. ಮೈಲುತುತ್ತಾನೂ ತಾಮ್ರದ್ದ ಅಲ್ಲೇನು, ಬೆಳಿ ರೋಗಕ್ಕ ಹೊಡಿಯೂದು. ಹುಡಿಗಿ ಶ್ಯಾಣ್ಯಾ ಅದಾಳ.’

ಒಂದು ಕ್ಷಣ, ಒಂದೇ ಕ್ಷಣ, ನಾನು ಗೆದ್ದೆ ಅಂದುಕೊಂಡೆ. ಬಾಬು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತೂಕ ಹೇಳಲಿಲ್ಲ.

‘ಆ ಕೊಡ ಯಾರ ಮನಿದು?’

ಮೇಷ್ಟ್ರು ಬಾಟಲಿಯನ್ನು ನನ್ನ ಕೈಗೆ ವಾಪಸ್ ಕೊಟ್ಟರು.

‘ಕಂಡಹಿಡದಾಕಿ ನೀನಲ್ಲೇನು, ನೀನ ಹೇಳು. ನಮ್ಮ ಮನ್ಯಾಗ ತಾಮ್ರದ ಕೊಡ ಇತ್ತೇನು?’

‘ಇರಲಿಲ್ರಿ.’

‘ಎಲ್ಲಿಂದ ಬಂತು?’

‘ಕುಷ್ಟಗಿಯಿಂದ,’ ಅಂದೆ.

ಬಾಬು ಬಂದವರ ಕಡೆ ತಿರುಗಿ ಎರಡೂ ಕೈ ಚೆಲ್ಲಿದರು. ‘ಕೇಳಿದ್ರಿ? ನಾ ಕಾಲ್ಗುಣ ಅಂದ್ರ ನೀವು ನಕ್ಕಿರಿ. ಈಗ ಈಕಿ ಬಾಟ್ಲ್ಯಾಗ ತುಂಬಿ ತಂದು ತೋರಿಸ್ಯಾಳ. ತವರಿಂದ ವಿಷ ಹೊತಗೊಂಡ ಬಂದಾಳಂತ. ಇದಕ್ಕ ನೋಡ್ರಿ ವಿಜ್ಞಾನ ಅನ್ನೂದು.’

‘ಅಲ್ರಿ ಕಾಕಾ, ಯಾವ ತಾಮ್ರ ಆದ್ರೂ ಹಂಗ ಆಗತೈತ್ರಿ! ಹರವಿ ನೀರು ಹಾಕಿದ್ರ ಮುಗೀತು! ವೈನಿದೇನೂ—’

‘ಮುಗೀತು,’ ಅಂದರು ಬಾಬು. ‘ನೀ ಹೇಳೂದು ಮುಗೀತು. ಬಾಟ್ಲಿ ಇಲ್ಲೇ ಇಟ್ಟ ಹೋಗು.’

ಮೇಷ್ಟ್ರು ಮೀಸೆ ಒರೆಸಿಕೊಂಡು ಚಹಾ ಕಪ್ಪು ಕೆಳಗಿಟ್ಟರು. ಮಗ ತನ್ನ ಹೆಬ್ಬೆರಳಿನ ಉಗುರು ನೋಡುತ್ತಿದ್ದ. ಸಂಜೆಯ ಹೊತ್ತಿಗೆ ಓಣಿಯ ನಲ್ಲಿಯ ಹತ್ತಿರ ಮಾತು ತಿರುಗಾಡುತ್ತಿತ್ತು: ಬಾಬುವಿನ ಸೊಸೆಯ ತವರಿನ ಕೊಡದಲ್ಲಿ ವಿಷವಿದೆಯಂತೆ, ಪಕ್ಕದ ಮನೆಯ ಹುಡುಗಿ ಹುಳ ಬಿಟ್ಟು ಪರೀಕ್ಷೆ ಮಾಡಿದಳಂತೆ.

ಮಂಗಳವಾರ ಬೆಳಿಗ್ಗೆ ವೈನಿಯನ್ನು ಕುಷ್ಟಗಿ ಬಸ್ಸಿಗೆ ಹತ್ತಿಸಿದರು. ಗಂಡ ಎರಡು ದಿನ ರಜೆ ಹಾಕಿದ್ದ. ಬಾಬು ಕಟ್ಟೆಯ ಮೇಲೆ ನಿಂತು ಮಗನಿಗೆ, ‘ಕೊಟ್ಟ ಸಾಮಾನೆಲ್ಲಾ ಎಣಿಸಿ ಮುಟ್ಟಿಸಿ ಬಾ’ ಅಂದರು. ಸಾಮಾನಿನ ಪಟ್ಟಿಯಲ್ಲಿ ಅವಳೂ ಒಂದು ಅನ್ನುವ ಹಾಗೆ. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ನೋಡಿ, ಗಂಡನ ಹಿಂದೆ ನಡೆದಳು.

ಅತ್ತ ಕೊಡ ಹೋಯಿತು, ಇತ್ತ ಹರವಿ ಹಿತ್ತಲಿನಿಂದ ಒಳಗೆ ಬಂತು. ಗೋವೆಯಿಂದ ಹೊಸ ನೀರಿನ ಡಬ್ಬಿಗಳು ಬಂದವು, ಪೆಟ್ಟಿಗೆಯ ಹಳೆಯ ನೀರನ್ನು ಅರ್ಧಕ್ಕರ್ಧ ಚೆಲ್ಲಿ ತುಂಬಿದರು. ಅಂದರೆ ಬಾಬುವಿಗೆ ನನ್ನ ಮಾತು ಪೂರ್ತಿ ಅರ್ಥವಾಗಿತ್ತು. ಇದನ್ನು ಮಾತ್ರ ಯಾರೂ ಮರೆಯಬೇಡಿ. ತಿಳಿಯದೆ ಮಾಡಿದವರಾಗಿದ್ದರೆ ನಾನು ಈ ಹಾಳೆ ಹಾಳು ಮಾಡುತ್ತಿರಲಿಲ್ಲ.

ಬಣ್ಣ ನಿಧಾನವಾಗಿ ತಿರುಗಿ ಬಂತು. ಬೂದಿ, ಗೋಧಿ, ಎರಡು ತಿಂಗಳಿಗೆ ಮೆಂತ್ಯ. ನನಗೆ ಹೇಗೆ ಗೊತ್ತು ಅಂದರೆ, ಕಿಟಕಿಯ ಸರಳಿನಾಚೆ ನಿಂತು ನೋಡುತ್ತಿದ್ದೆ. ಬೈದುಕೊಳ್ಳುತ್ತಲೇ ನೋಡುತ್ತಿದ್ದೆ. ಎಂಟೆಸಳಿನ ಹೂ ಮತ್ತೆ ಅರಳಿದ ದಿನ, ನಿಜ ಹೇಳುತ್ತೇನೆ, ಒಂದು ಗಳಿಗೆ ಎಲ್ಲ ಮರೆತು ಖುಷಿಯಾಯಿತು. ಅದಕ್ಕೂ ನನಗೆ ನನ್ನ ಮೇಲೆ ಸಿಟ್ಟಿದೆ.

ಬಾಬು ಊರವರನ್ನು ಮತ್ತೆ ಕರೆದರು. ಈಗ ತೋರಿಸಲು ಹವಳದ ಜೊತೆ ಇನ್ನೊಂದು ವಸ್ತುವಿತ್ತು, ನನ್ನ ನೂಲಿನ ರಟ್ಟು. ಅದು ಅಲ್ಲೇ ಮೊಳೆಗೆ ತೂಗಾಡುತ್ತ ಉಳಿದಿತ್ತು. ಮೆಂತ್ಯದ ಎಳೆಯ ಪಕ್ಕ, ನನ್ನ ತಾರೀಖಿನ ಕೆಳಗೆ, ಪಾರ್ಸೆಲ್ಲಿಗೆ ನಂಬರು ಹಾಕುವ ನೀಲಿ ಪೆನ್ಸಿಲಿನಿಂದ ‘ಸೊಸೆ ಬಂದದ್ದು’ ಅಂತ ಬರೆದಿದ್ದರು. ಕೆಳಗೆ ಬಿಳಿ ಎಳೆಯ ಪಕ್ಕ ‘ಸೊಸೆ ಹೋದದ್ದು’. ಅದರ ಕೆಳಗೆ ಹೊಸ ನೂಲು ಅವರೇ ಕಟ್ಟಿದ್ದರು. ಕಟ್ಟಲು ಬರುತ್ತಿರಲಿಲ್ಲ, ಗಂಟು ಗಂಟಾಗಿತ್ತು.

‘ನನ್ನ ರಟ್ಟ ಕೊಡ್ರಿ,’ ಅಂದೆ ಕಿಟಕಿಯಿಂದ.

‘ಸಹಿ ಆಗಿ ಮಾಲು ಒಳಗ ಬಂದೈತಿ. ವಾಪಸ್ ಇಲ್ಲ.’

ಬಂದವರು ನಕ್ಕರು. ನಾನು ಅವರೆಲ್ಲರಿಗೂ ಬಾಗಿಲಲ್ಲಿ ನಿಂತು ತಾಮ್ರದ ವಿಷಯ ಹೇಳಲು ನೋಡಿದೆ. ‘ನೀನ ಹೇಳಿದ್ದಂತಲ್ಲವಾ, ಆಕಿ ಕೊಡದಾಗ ವಿಷ ಅಂತ’ ಅಂದ ಒಬ್ಬ. ಹೇಳಿದ್ದು ನಾನೇ.

ಕುಷ್ಟಗಿಯಿಂದ ವೈನಿಯ ಅಪ್ಪ ಎರಡು ಸಲ ಬಂದು, ಕಟ್ಟೆಯ ಮೇಲೆ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೋದರು. ಹಿರಿಯರು ಕೂತು ಮಾತಾಡಿ ಸಂಬಂಧ ಬಿಡಿಸಿದರು. ವರ್ಷದೊಳಗೆ ಮಗನಿಗೆ ಯಲಬುರ್ಗಾದ ಹೆಣ್ಣು ತಂದರು. ಬೀಗರು ಕೊಟ್ಟದ್ದು ಬರೀ ಸ್ಟೀಲಿನ ಪಾತ್ರೆ. ಬಾಬು ಮೊದಲೇ ಹೇಳಿಕಳಿಸಿದ್ದರಂತೆ. ಈ ಸಂಗತಿ ಕೇಳಿದ ದಿನ ನಾನು ಊಟ ಬಿಟ್ಟು ಎದ್ದೆ.

ಮುಂದಿನ ಏಪ್ರಿಲ್‌ನಲ್ಲಿ ಎರಡು ದಿನ ಕರೆಂಟ್ ಹೋಯಿತು. ಮೋಟಾರು ನಿಂತು, ನೀರು ಕಾದು, ಹವಳ ಒಂದೇ ವಾರದಲ್ಲಿ ಬೆಳ್ಳಗೆ ತಿರುಗಿ ಲೋಳೆಯಾಗಿ ಕರಗಿತು. ವಾಸನೆ ನಮ್ಮ ಮಗ್ಗದವರೆಗೆ ಬರುತ್ತಿತ್ತು. ಬಾಬು ಅದನ್ನು ಮೊರದಲ್ಲಿ ತಂದು ತಿಪ್ಪೆಗೆ ಸುರಿದರು. ನಮ್ಮಪ್ಪ ‘ಏನಾತ್ರಿ ಬಾಬು?’ ಅಂದರೆ, ‘ಗೋವಾದಿಂದ ಬಂದಾಗನ ಅರ್ಧ ಸತ್ತಿತ್ತ್ರಿ’ ಅಂದರು. ಎರಡನೆಯ ಸೊಸೆಯ ಕಾಲಿನ ಗುಣದ ಮಾತು ಬರಲಿಲ್ಲ. ಅಷ್ಟು ಹೊ‌ತ್ತಿಗೆ ಅವಳ ಅಣ್ಣ ಪೊಲೀಸಿಗೆ ಸೇರಿದ್ದ.

ಇವರೇ ಈಗ ನಿವೃತ್ತರಾಗುತ್ತಿರುವುದು.

ಕಳೆದ ವರ್ಷ ಇನ್‌ಸ್ಟಿಟ್ಯೂಟಿನ ಕೆಲಸಕ್ಕೆ ಕುಷ್ಟಗಿಗೆ ಹೋಗಿದ್ದೆ. ಕೆಲಸ ಹನ್ನೆರಡಕ್ಕೇ ಮುಗಿಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಗಲೋ ಬೇಡವೋ ಅಂತ ಸ್ಟ್ಯಾಂಡಿನಲ್ಲಿ ಅರ್ಧ ತಾಸು ಕೂತು, ಕೊನೆಗೆ ಕೇಳಿಕೊಂಡು ಹೋದೆ. ವೈನಿ ಬಾಲವಾಡಿ ನಡೆಸುತ್ತಿದ್ದಳು. ಮಕ್ಕಳು ಮನೆಗೆ ಹೋಗಿದ್ದರು, ಅವಳು ನೆಲ ಗುಡಿಸುತ್ತಿದ್ದಳು. ನನ್ನನ್ನು ನೋಡಿ ಕಸಬರಿಗೆ ಗೋಡೆಗೆ ಆನಿಸಿ, ಮಕ್ಕಳು ಕೂರುವ ಚಾಪೆ ಹಾಸಿದಳು.

‘ಬಾ ತಂಗಿ. ದಪ್ಪಗಾಗೀದಿ.’

ಮದುವೆಯ ಮಾತು, ಅಪ್ಪನ ಕೆಮ್ಮಿನ ಮಾತು, ಟೈಪಿಂಗ್ ಮಾತು ಆಯಿತು. ಆಮೇಲೆ ಅವಳು ಚಾಪೆಯ ಕಡ್ಡಿಯೊಂದನ್ನು ಕೀಳುತ್ತ ಕೇಳಿದಳು:

‘ನಾ ಬಂದ ಮ್ಯಾಲ ಅದಕ್ಕ ಬಣ್ಣ ತಿರಗಿ ಬಂತೇನು?’

ಸುಳ್ಳು ಹೇಳಬಹುದಿತ್ತು. ‘ಬಂತು’ ಅಂದೆ.

ಅವಳು ತಲೆಯಾಡಿಸಿದಳು, ಇಷ್ಟು ವರ್ಷ ಅದನ್ನೇ ಕಾದಿದ್ದವಳ ಹಾಗೆ. ನಾನು ಗಡಬಡಿಸಿ ಎಲ್ಲವನ್ನೂ ಹೇಳಿದೆ. ಪಾಚಿ, ಹುಣಸೆಹಣ್ಣು, ನೀರಿಗೆ ಇಳಿಯುವ ತಾಮ್ರ, ಎರಡು ಬಾಟಲಿ, ಶಂಖದ ಹುಳ. ಯಾರ ಮನೆಯ ತಾಮ್ರವಾದರೂ ಹಾಗೇ ಆಗುತ್ತಿತ್ತು, ನಿನ್ನದೇನೂ ಇರಲಿಲ್ಲ, ನಿನ್ನ ಕಾಲಿನದೇನೂ ಇರಲಿಲ್ಲ ಅಂದೆ. ಅವಳು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಅರ್ಥವೂ ಆಯಿತು. ಅರ್ಥವಾದದ್ದು ನನಗೆ ಕಂಡಿತು.

‘ಅಂದ್ರ ಹರವಿ ನೀರ ಹಾಕಿದ್ರ ಆಗತಿತ್ತು.’

‘ಹೂಂ.’

‘ದಿನಾ ಮುಂಜಾನಿ ಆ ಕೊಡ ತುಂಬಿ ಇಡಾಕಿ ನಾನ. ಹರವ್ಯಾಗ ನೀರು ತುಂಬಿಟ್ಟು, ಮಾವನೋರು ಏಳೂ ಹೊತ್ತಿಗೆ ಕೊಡಕ್ಕ ಸುರದಿದ್ರ ತಾಮ್ರ ಇಳಿಯಾಕ ಹೊತ್ತ ಸಿಗತಿರಲಿಲ್ಲ. ಹುಣಸಿಹಣ್ಣು ಹಚ್ಚೂದು ಬಿಡತಿದ್ನಿ. ಏನರ ಒಂದ ಮಾಡತಿದ್ನಿ. ಅವರಿಗೆ ಗೊತ್ತ ಆಗತಿರಲಿಲ್ಲ.’ ಕಡ್ಡಿ ಚಾಪೆಯಿಂದ ಕಿತ್ತುಬಂತು. ‘ನೀರ ಕೊಟ್ಟಾಕಿ ನಾನಲ್ಲೇನ ತಂಗಿ? ಗ್ವಾಡಿ ಮ್ಯಾಲಿಂದ ಎರಡ ಸರ್ತಿ ಕೇಳಿದ್ನಿ ನಿನಗ.’

ಹೊರಗೆ ಯಾರೋ ಮಗುವನ್ನು ಕರೆಯುತ್ತಿದ್ದರು.

‘ಹೋಗ್ಲಿ ಬಿಡು,’ ಅಂದಳು ಅವಳು, ಎದ್ದು ಕಸಬರಿಗೆ ತೆಗೆದುಕೊಳ್ಳುತ್ತ. ‘ಮಾವನೋರು ನಿನಗ ಶಾಬಾಸ್ ಅಂದ್ರೇನು?’

‘ಇಲ್ಲ,’ ಅಂದೆ.